ಕಪಾಟಿನಲ್ಲಿದ್ದ ಮಾತ್ರೆಗಳು

ನಾನು ಪಾಠ ಹೇಳುವ ಮದ್ರಸದ ಕಪಾಟಿನಲ್ಲಿ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರ ತುಂಬ ಉಳಿಕೆ ಮಾತ್ರೆಗಳು. ಯಾರಿಗೋ ವೈದ್ಯರು ಐದು ದಿನಕ್ಕೆಂದು ಬರೆದುಕೊಟ್ಟದ್ದು, ಎರಡೇ ದಿನದಲ್ಲಿ ಜ್ವರ ಇಳಿಯಿತೆಂದು ಅವರು ಬಿಟ್ಟದ್ದು. ಹುಡುಗನೊಬ್ಬ ಸೀನುತ್ತಾ ಬಂದರೆ ಅದರಿಂದ ಒಂದೆರಡು ಅಮಾಕ್ಸಿಸಿಲಿನ್ ತೆಗೆದು ಕೊಟ್ಟು, ದುಆ ಮಾಡಿ ಕಳುಹಿಸುತ್ತಿದ್ದೆ. ಉಪಕಾರ ಮಾಡಿದೆನೆಂಬ ತೃಪ್ತಿಯೂ ಇತ್ತು! ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಅಂತಹ ಡಬ್ಬಿಯೊಂದು ಇರಬಹುದು.

ನೆಗಡಿ ಬರುವುದು ವೈರಸ್‌ನಿಂದ. ವೈರಸ್‌ನ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡದು. ಆದರೆ ಹೊಟ್ಟೆ ಸೇರಿದ ಮಾತ್ರೆ ಸುಮ್ಮನಿರುವುದೂ ಇಲ್ಲ. ನಮ್ಮ ಕರುಳಿನಲ್ಲಿ ಅಲ್ಲಾಹನು ಇರಿಸಿರುವ ಅಸಂಖ್ಯ ಬ್ಯಾಕ್ಟೀರಿಯಾಗಳಲ್ಲಿ ಮದ್ದಿಗೆ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಆ ಬಗ್ಗದ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಮುಂದೆ ಕೈಯಿಂದ, ನೀರಿನಿಂದ, ಶೌಚಾಲಯದಿಂದ ಇನ್ನೊಬ್ಬರ ದೇಹ ಸೇರುತ್ತವೆ.

ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ತಮ್ಮ ನೊಬೆಲ್ ಭಾಷಣದಲ್ಲಿ ಒಂದು ಕಲ್ಪಿತ ಪ್ರಸಂಗ ಹೇಳಿದ್ದರು. ಗಂಟಲು ನೋವೆಂದು ಒಬ್ಬನು ತಾನಾಗಿಯೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯದೆ, ಮದ್ದನ್ನು ಎದುರಿಸಲು ಕಲಿಯುತ್ತದೆ. ಅದು ಅವನ ಪತ್ನಿಗೆ ತಗಲಿ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಸಾವಿಗೆ ಮುಖ್ಯ ಹೊಣೆ ಪತಿಯೇ ಎಂದರು ಫ್ಲೆಮಿಂಗ್.

ಆ ಪತಿಗಾದರೂ ಸತ್ತವಳು ಯಾರೆಂದು ಗೊತ್ತು. ನಮಗೆ ಅಷ್ಟೂ ತಿಳಿಯುವುದಿಲ್ಲ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಸತ್ತರೆಂದು ಅಂದಾಜು. ಅವರಲ್ಲಿ ಒಬ್ಬರ ಸಾವನ್ನೂ ಇಂತಹ ಡಬ್ಬಿಯ ತನಕ ಹಿಂಬಾಲಿಸಿ ತೋರಿಸಲಾಗದು. ಯಾವ ನ್ಯಾಯಾಲಯವೂ ನನ್ನನ್ನು ಕರೆಯದು. ಹಾಗೆಂದು ಹೊಣೆಯೇ ಇಲ್ಲವೆನ್ನಬಹುದೇ?

ನಿಯ್ಯತ್ ಒಳ್ಳೆಯದಿತ್ತಲ್ಲ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಆದರೆ ವೈದ್ಯ ಅರಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರ ಎಂಬುದು ಫಿಕ್ಹ್‌ನ ನಿಯಮ. ಅದನ್ನು ಓದಿದವನೂ ನಾನೇ, ಡಬ್ಬಿ ತೆರೆದವನೂ ನಾನೇ! ನನ್ನ ಹಣ, ನನ್ನ ಮಾತ್ರೆ ಎನ್ನುವವರೂ ಇದ್ದಾರೆ. ಮಾತ್ರೆ ಅವರದು, ನಿಜ. ಆದರೆ ಅದರಲ್ಲಿರುವ ಗುಣಪಡಿಸುವ ಶಕ್ತಿಯು ನಮ್ಮ ಬಳಿ ಇರುವ ಅಮಾನತ್. ನಾಳೆ ಸಿಸೇರಿಯನ್‌ಗೆ ಮಲಗುವ ತಾಯಿಗೂ ಅದರಲ್ಲಿ ಪಾಲಿದೆ.

ಎಲ್ಲರ ಹೊಣೆ ಸಮಾನವೆಂದು ನಾನು ಹೇಳಲಾರೆ. ವೈದ್ಯರ ಫೀಸು ಕೊಟ್ಟರೆ ಅಕ್ಕಿಗೆ ಕಾಸಿಲ್ಲದ ದಿನಗೂಲಿಯವನು ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೇಳುತ್ತಾನೆ. ಅವನನ್ನು ದೂರಲು ನನಗೆ ಬಾಯಿ ಬಾರದು. ಓದು ಬರಹ ಬಲ್ಲ, ಕೈಯಲ್ಲಿ ಕಾಸಿರುವ ನಮ್ಮ ಮಾತೇ ಬೇರೆ. ಬರೆಯದ ವೈದ್ಯರನ್ನೂ ‘ಸ್ಟ್ರಾಂಗ್ ಮದ್ದು ಕೊಡಿ’ ಎಂದು ಪೀಡಿಸುವವರು ನಾವು. ಕೆಲವು ಆಂಟಿಬಯೋಟಿಕ್‌ಗಳನ್ನು ಮಾರುವಾಗ ರೋಗಿಯ ಮತ್ತು ವೈದ್ಯರ ಹೆಸರು ಬರೆದಿಡಬೇಕೆಂಬ ನಿಯಮ 2014ರಿಂದಲೂ ಇದೆ. ಪರಿಚಯದ ಅಂಗಡಿಯವನಲ್ಲಿ ಚೀಟಿಯಿಲ್ಲದೆ ಕೇಳಿ, ಅವನನ್ನೂ ತಪ್ಪಿಗೆಳೆಯುತ್ತೇವೆ. ಎಷ್ಟು ದಿನ ನುಂಗಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೂ ನಾವೇ ತೀರ್ಮಾನಿಸುತ್ತೇವೆ.

ಡಬ್ಬಿಯಲ್ಲಿ ಈಗ ಥರ್ಮಾಮೀಟರ್ ಮತ್ತು ಓ.ಆರ್.ಎಸ್. ಪೊಟ್ಟಣಗಳಿವೆ. ಕಳೆದ ಮಳೆಗಾಲದಲ್ಲಿ ತಾಯಿಯೊಬ್ಬರು ನೆಗಡಿಯಾದ ಮಗನನ್ನು ಕರೆತಂದು, “ಉಸ್ತಾದರೇ, ಮೊದಲಿನ ಮಾತ್ರೆ ಕೊಡಿ” ಎಂದರು. ಇಲ್ಲವೆಂದೆ. ಬಿಸಿನೀರು ಕುಡಿಸಿ, ಮೂರು ದಿನ ನೋಡಿ, ಉಸಿರಾಟ ಕಷ್ಟವೆನಿಸಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ ಎಂದೆ. ಆಕೆ ಮರುಮಾತಾಡದೆ ಮಗನ ಕೈಹಿಡಿದು ಹೊರಟುಹೋದರು.