ದೃಶ್ಯ ಯಾರಿಗಾಗಿ?

ಪತಂಜಲಿಯ ಯೋಗಸೂತ್ರಗಳು ಇರುವುದೆಲ್ಲವನ್ನೂ ದ್ರಷ್ಟಾರ ಮತ್ತು ದೃಶ್ಯ, ಅಂದರೆ ನೋಡುವ ಚೈತನ್ಯ ಮತ್ತು ಅದಕ್ಕೆ ತೋರುವ ಪ್ರಕೃತಿ, ಎಂದು ವಿಭಾಗಿಸಿ, ದೃಶ್ಯವು ದ್ರಷ್ಟಾರನ ಸಲುವಾಗಿಯೇ ಇದೆಯೆಂದು ಪ್ರತಿಪಾದಿಸುತ್ತವೆ. ವನ್ಯಜೀವಿಗಳನ್ನು ನೋಡಲೆಂದು ದೂರದ ಉಷ್ಣವಲಯದ ನಾಡಿನಲ್ಲಿ ಒಂಟಿಯಾಗಿ ಬಂದಿಳಿದವನಿಗೆ ಈ ಮಾತು ತನ್ನನ್ನೇ ಕುರಿತದ್ದೆನಿಸಬಹುದು. ನುಡಿ ತಿಳಿಯದ, ಪರಿಚಿತರಿಲ್ಲದ ನೆಲದಲ್ಲಿ ಅವನ ಪಾಲಿಗೆ ಉಳಿಯುವುದು ನೋಟವೊಂದೇ ಆದ್ದರಿಂದ, ಕಾಡು ತನಗಾಗಿಯೇ ತೆರೆದುಕೊಂಡಿದೆಯೆಂಬ ಭಾವನೆ ಸುಲಭವಾಗಿ ಬೇರೂರುತ್ತದೆ.

ಈ ಭಾವನೆಯನ್ನು ಬುಡಸಮೇತ ಅಲುಗಿಸಿದವನು ಆಲ್ಫ್ರೆಡ್ ರಸಲ್ ವಾಲೇಸ್. 1857ರ ಜನವರಿಯಲ್ಲಿ ಮಕಾಸ್ಸರ್‌ನ ವ್ಯಾಪಾರಿ ಹಾಯಿದೋಣಿಯೊಂದರಲ್ಲಿ, ಕೆಲವು ಸಹಾಯಕರ ಹೊರತು ಬೇರೆ ಜೊತೆಯಿಲ್ಲದೆ, ನ್ಯೂಗಿನಿಗೆ ಸಮೀಪದ ಅರು ದ್ವೀಪಗಳನ್ನು ತಲುಪಿದ ಆ ನಿಸರ್ಗವಿಜ್ಞಾನಿಯ ಕೈಗೆ ರಾಜ ಸ್ವರ್ಗಪಕ್ಷಿ ಬಂತು: ಹೊಳೆಯುವ ಕಡುಗೆಂಪು ಮೈ, ಬಿಳಿ ಹೊಟ್ಟೆ, ನೀಲಿ ಕಾಲು, ಬಾಲದಿಂದ ಹೊರಟ ಎರಡು ತಂತಿಯಂಥ ಗರಿಗಳ ತುದಿಗೆ ಸುರುಳಿಸುತ್ತಿದ ಹಸಿರು ಬಿಲ್ಲೆ. ಇಂಥ ಹಕ್ಕಿಗಳು ತಲೆತಲಾಂತರದಿಂದ ಮೆಚ್ಚುವ ಕಣ್ಣಿಲ್ಲದೆ ಹುಟ್ಟಿ ಸತ್ತಿವೆ, ನಾಗರಿಕ ಮನುಷ್ಯ ಅಲ್ಲಿಗೆ ಕಾಲಿಟ್ಟರೆ ಅಳಿದೇ ಹೋದಾವು ಎಂದು ಚಿಂತಿಸಿದ ಅವನು, ಜೀವಿಗಳೆಲ್ಲ ಮನುಷ್ಯನಿಗಾಗಿ ಉಂಟಾದವಲ್ಲವೆಂಬ ನಿರ್ಣಯವನ್ನು 1869ರಲ್ಲಿ ಪ್ರಕಟವಾದ ‘ದಿ ಮಲಯ್ ಆರ್ಕಿಪೆಲಗೊ’ದಲ್ಲಿ ದಾಖಲಿಸಿದನು. ಅವನು ಕೈಯಲ್ಲಿ ಹಿಡಿದಿದ್ದು ಸತ್ತ ಹಕ್ಕಿಯನ್ನು ಎಂಬುದು ನೋವಿನ ಸಂಗತಿಯೇ, ಆದರೆ ಅದರಿಂದ ನಿರ್ಣಯದ ತೂಕ ಕುಗ್ಗುವುದಿಲ್ಲ.

ಆದರೂ ಮೆಚ್ಚುವ ಕಣ್ಣಿರಲಿಲ್ಲವೆಂಬ ಅವನ ಊಹೆಯನ್ನು ಪ್ರಶ್ನಿಸಬೇಕಾಗಿದೆ. ಇಂಡೊನೇಷ್ಯದ ವೈಗಿಯೊ ಮತ್ತು ಬತಂತಾ ದ್ವೀಪಗಳಲ್ಲಿ ಮಾತ್ರ ಬದುಕುವ ವಿಲ್ಸನ್ ಸ್ವರ್ಗಪಕ್ಷಿಯ ಗಂಡು, ಕಾಡಿನ ನೆಲದಲ್ಲಿ ತನ್ನದೊಂದು ಅಂಗಳ ಮಾಡಿಕೊಂಡು, ಬಿದ್ದ ಎಲೆಗಳನ್ನೆಲ್ಲ ಕೊಕ್ಕಿನಿಂದ ಎತ್ತಿ ಹೊರಗೆ ಹಾಕುತ್ತದೆ. ಹೆಣ್ಣು ಮೇಲಿನ ಕಡ್ಡಿಯಲ್ಲಿ ಕೂತು ಕೆಳಗೆ ನೋಡುವಾಗ ತನ್ನ ಎದೆಯ ಹಸಿರು ಗರಿಗಳನ್ನು ಹರಡಿ ಅದರತ್ತ ಎತ್ತಿ ಹಿಡಿಯುತ್ತದೆ. ಈ ಬಣ್ಣಕ್ಕೆ ಹೆಣ್ಣಿನ ಆಯ್ಕೆಯೇ ಕಾರಣವೆಂಬ ಡಾರ್ವಿನ್ನನ ವಿವರಣೆಯನ್ನು ವಾಲೇಸ್ ಕೊನೆಗೂ ಒಪ್ಪಲಿಲ್ಲ. ಈ ವಿಷಯದಲ್ಲಿ ಡಾರ್ವಿನ್ನನೇ ಸರಿ.

ಹಾಗಾದರೆ ಪತಂಜಲಿಯ ಮಾತು ಸುಳ್ಳಾಗುವುದೇ? ಇಲ್ಲ. ಯೋಗಕ್ಕೆ ತಾತ್ತ್ವಿಕ ತಳಹದಿಯಾದ ಸಾಂಖ್ಯವು ಪುರುಷಬಹುತ್ವವನ್ನು, ಅಂದರೆ ನೋಡುವ ಚೈತನ್ಯಗಳು ಅನೇಕವೆಂಬುದನ್ನು, ಸ್ಪಷ್ಟವಾಗಿ ಒಪ್ಪುತ್ತದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಜೀವಸೃಷ್ಟಿಯಲ್ಲಿ ದೇವವರ್ಗ ಎಂಟು ಬಗೆ, ತಿರ್ಯಕ್ಕುಗಳು, ಅಂದರೆ ಮನುಷ್ಯೇತರ ಜೀವಿಗಳು, ಐದು ಬಗೆ, ಮನುಷ್ಯ ಒಂದೇ ಬಗೆ, ಮತ್ತು ವ್ಯಾಖ್ಯಾನಕಾರರು ಆ ಐದರಲ್ಲಿ ಪಕ್ಷಿಗಳನ್ನು ಎಣಿಸಿದ್ದಾರೆ. ದೃಶ್ಯವು ದ್ರಷ್ಟಾರನಿಗಾಗಿ ಎಂಬುದು ನಿಜವಾದರೆ, ಕಡ್ಡಿಯ ಮೇಲಿನ ಹೆಣ್ಣುಹಕ್ಕಿಯೂ ದ್ರಷ್ಟಾರಳೇ, ಆ ಹಸಿರು ಮೊದಲು ಅವಳಿಗೆ ಸಲ್ಲತಕ್ಕದ್ದು.

ಆದ್ದರಿಂದ, ಮರೆಯಲ್ಲಿ ಕಾದು ಕೂತ ಪ್ರವಾಸಿಗೆ ಹಕ್ಕಿ ಬೇಗ ಕಾಣಿಸಲೆಂದು ಅದು ಗುಡಿಸಿಟ್ಟ ಅಂಗಳಕ್ಕೆ ಬೇಕೆಂದೇ ಎಲೆಗಳನ್ನು ಎಸೆದು, ಎತ್ತಿಹಾಕಲು ಅದನ್ನು ಬರಮಾಡಿಕೊಳ್ಳುವ ಪದ್ಧತಿಯು ಎಷ್ಟೇ ನಿರುಪದ್ರವಿಯೆನಿಸಿದರೂ ತಪ್ಪೇ ಸರಿ. ಅಷ್ಟು ದೂರ ಒಬ್ಬನೇ ಬಂದವನು ಇನ್ನಷ್ಟು ಹೊತ್ತು ಕಾಯಬಲ್ಲ.