ಪಡೆಯುವವಳ ಕಡೆಯಿಂದ ದಯೆ: ರೂತಳ ಕಥೆ ಮತ್ತು ಮಕ್ಕಳ ಧರ್ಮಶಿಕ್ಷಣ

ಮಕ್ಕಳಿಗೆ ದಯೆಯನ್ನು ಕಲಿಸಲು ಹೊರಡುವ ಧರ್ಮಬೋಧೆ ಸಾಮಾನ್ಯವಾಗಿ ಕೇಳುವ ಮಗುವನ್ನು ಕೊಡುವವರ ಸಾಲಿನಲ್ಲೇ ಕೂರಿಸುತ್ತದೆ. ಬಡವರಿಗೆ ಹಂಚಬೇಕು, ದುರ್ಬಲರನ್ನು ಆದರಿಸಬೇಕು ಎಂಬ ಉಪದೇಶದ ಹಿಂದೆ, ಬಡವರೂ ದುರ್ಬಲರೂ ಆ ಕೋಣೆಯ ಹೊರಗೆ ಎಲ್ಲೋ ಇದ್ದಾರೆಂಬ ಗ್ರಹಿಕೆ ಅಡಗಿರುತ್ತದೆ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಸೀಮೆಯಲ್ಲಿ ಈ ಗ್ರಹಿಕೆ ನಿಲ್ಲಲಾರದು. ಹಳೆಯ ಮಹಬೂಬ್‌ನಗರ ಜಿಲ್ಲೆಯಿಂದ, ಅಂದರೆ ಜನರ ಬಾಯಲ್ಲಿನ ಪಾಲಮೂರಿನಿಂದ, ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ತಲೆಮಾರುಗಳಿಂದ ನಡೆದುಬಂದಿದ್ದು, ಪಾಠ ಕೇಳುವ ಮಕ್ಕಳಲ್ಲಿ ಗುಳೆ ಹೋದವರ ಮಕ್ಕಳೂ ಇರುತ್ತಾರೆ. ಇಂಥ ಮಕ್ಕಳಿಗೆ, ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ, ಅಂದರೆ ಯೆಹೂದ್ಯರಿಗೂ ಪವಿತ್ರವಾದ ಅದರ ಮೊದಲ ಭಾಗದಲ್ಲಿರುವ, ನಾಲ್ಕೇ ಅಧ್ಯಾಯಗಳ ರೂತಳ ಪುಸ್ತಕ ವಿಶೇಷವಾಗಿ ಒಪ್ಪುತ್ತದೆ. ಏಕೆಂದರೆ ಅದು ದಯೆಯ ಕಥೆಯನ್ನು ಪಡೆಯುವವಳ ಹೆಜ್ಜೆ ಹಿಡಿದು ಹೇಳುತ್ತದೆ.

ಈ ಕಥೆಯನ್ನು ಇಲ್ಲಿ ಕನ್ನಡದಲ್ಲೇ ಹೇಳಬಹುದು, ಏಕೆಂದರೆ ಈ ಸೀಮೆಗೆ ಕನ್ನಡ ಹೊರಗಿನದಲ್ಲ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಮಕ್ತಲ್ ಮತ್ತು ನಾರಾಯಣಪೇಟೆಯ ಗಡಿಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಬೈಬಲ್ ಕನ್ನಡದಲ್ಲಿ ಪೂರ್ಣವಾಗಿ ದೊರೆಯಿತು. ಗದ್ವಾಲಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕೆಲಸ ಮಾಡಿದ ಮೆನ್ನೊನೈಟ್ ಬ್ರೆದ್ರೆನ್ ಮಿಷನ್ನಿನ ಮೂಲವಾದರೋ 1525ರಲ್ಲಿ ಜ್ಯೂರಿಚ್ಚಿನಲ್ಲಿ ಹುಟ್ಟಿದ ಅನಬ್ಯಾಪ್ಟಿಸ್ಟ್ ಪಂಥದಲ್ಲಿದೆ. ಶಿಶುಗಳಿಗಲ್ಲ, ತಿಳಿದು ನಂಬಿದವರಿಗಷ್ಟೇ ದೀಕ್ಷಾಸ್ನಾನ ಕೊಡಬೇಕೆಂದ ಈ ಪಂಥದ ಮೆನ್ನೊನೈಟ್ ಶಾಖೆ ಆಯುಧ ಹಿಡಿಯುವುದನ್ನು ನಿರಾಕರಿಸಿ, ಮೃದುತ್ವವನ್ನು ಕೈಲಾಗದವರ ಗುಣವೆಂದಲ್ಲ, ಕೈಯಲ್ಲಿ ಬಲವಿದ್ದವರು ರೂಢಿಸಿಕೊಳ್ಳಬೇಕಾದ ಶಿಸ್ತೆಂದು ಎಣಿಸಿತು.

ಅಂಥ ಮೃದುತ್ವವನ್ನು ಕಾಣಿಸುವ ರೂತಳ ಕಥೆ ಬರದಿಂದ ಆರಂಭವಾಗುತ್ತದೆ. ಬೇತ್ಲೆಹೇಮಿನ ಎಲೀಮೆಲೆಕನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬ್ ದೇಶಕ್ಕೆ ಗುಳೆ ಹೋಗುತ್ತಾನೆ. ಕೆಲವು ವರ್ಷಗಳಲ್ಲಿ ಗಂಡಸರು ಮೂವರೂ ತೀರಿಕೊಂಡು, ನೊವೊಮಿ ಊರಿಗೆ ಮರಳುವಾಗ ಮೋವಾಬಿನವಳಾದ ಸೊಸೆ ರೂತಳು ಅತ್ತೆಯ ಕೈಬಿಡದೆ ಜೊತೆಗೆ ಬರುತ್ತಾಳೆ. ಮೋವಾಬ್ಯರನ್ನು ಇಸ್ರಾಯೇಲಿನ ಸಭೆಗೆ ಸೇರಿಸಬಾರದೆಂದು ಹಳೆಯ ಒಡಂಬಡಿಕೆಯದೇ ಧರ್ಮೋಪದೇಶಕಾಂಡ ವಿಧಿಸಿದ್ದರಿಂದ ಅವಳು ವಿಧವೆ, ಬಡವಿ ಮಾತ್ರವಲ್ಲ, ಪರಕೀಯಳೂ ಹೌದು. ಹೊಟ್ಟೆಪಾಡಿಗಾಗಿ ಅವಳು ಬೋವಜನೆಂಬ ಸ್ಥಿತಿವಂತನ ಜವೆಗೋದಿ ಹೊಲದಲ್ಲಿ ಹಕ್ಕಲಾಯಲು, ಅಂದರೆ ಕೊಯ್ಲಿನವರ ಕೈತಪ್ಪಿ ಉಳಿದ ತೆನೆಗಳನ್ನು ಆರಿಸಿಕೊಳ್ಳಲು, ಹೋಗುತ್ತಾಳೆ. ಶೇಂಗಾ ಕಿತ್ತ ಹೊಲದಲ್ಲಿ ಬಾಗಿ ಕುಳಿತು, ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಬೆರಳಿನಿಂದ ಕೆದಕಿ ಉಡಿಗೆ ಹಾಕಿಕೊಳ್ಳುವವರನ್ನು ಕಂಡ ಮಗುವಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ಬೋವಜನ ನಡತೆಯಲ್ಲಿ ಕ್ರಮವೊಂದಿದೆ. ಅವನು ಮೊದಲು ಅವಳು ಯಾರೆಂದು ವಿಚಾರಿಸುತ್ತಾನೆ. ಬಳಿಕ ಅವಳನ್ನು ಮುಟ್ಟಬಾರದೆಂದು ಗಂಡಾಳುಗಳಿಗೆ ಕಟ್ಟಪ್ಪಣೆ ಮಾಡಿರುವುದನ್ನು ಅವಳಿಗೆ ತಿಳಿಸಿ, ಆಳುಗಳು ತುಂಬಿಟ್ಟ ಕೊಡಗಳಿಂದಲೇ ನೀರು ಕುಡಿಯಲು ಹೇಳುತ್ತಾನೆ. ಊಟದ ಹೊತ್ತಿಗೆ ಕೊಯ್ಲಿನವರ ಪಕ್ಕದಲ್ಲಿ ಕೂರಿಸಿ ಹುರಿದ ಕಾಳು ಕೊಡುತ್ತಾನೆ. ಉಂಡು ಅವಳು ಎದ್ದ ಮೇಲೆ ಆಳುಗಳಿಗೆ ಕೊಡುವ ಅಪ್ಪಣೆಯೇ ಕಥೆಯ ತಿರುಳು: ಸಿವುಡುಗಳ ನಡುವೆ ಆಯ್ದರೂ ಅವಳನ್ನು ನಾಚಿಸಬಾರದು, ಕಟ್ಟಿದ ಕಂತೆಗಳಿಂದ ಬೇಕೆಂದೇ ಒಂದಿಷ್ಟು ತೆನೆಗಳನ್ನು ಸೆಳೆದು ಅವಳಿಗಾಗಿ ಬಿಡಬೇಕು, ಗದರಬಾರದು. ಸಂಜೆ ಬಡಿದು ನೋಡಿದರೆ ಒಂದು ಏಫಾ, ಎಂದರೆ ಸುಮಾರು 22 ಲೀಟರಿನಷ್ಟು ಜವೆಗೋದಿ. ಅದು ಅವಳ ದುಡಿಮೆಯ ಫಲವಾಗಿ ಅವಳ ಕೈಗೆ ಬಂದದ್ದು, ಯಾರೋ ಹಾಕಿದ ಭಿಕ್ಷೆಯಾಗಿ ಅಲ್ಲ. ಧಾನ್ಯ ಕೊಟ್ಟದ್ದು ದಯೆಯಾದರೆ, ಕೊಟ್ಟದ್ದು ಕಾಣದಂತೆ ಕೊಟ್ಟದ್ದು ಮೃದುತ್ವ.

ಉಳ್ಳವನೊಬ್ಬನ ಔದಾರ್ಯವನ್ನು ಹೊಗಳುವುದರಿಂದ ಅನ್ಯಾಯ ಮರೆಯಾಗುವುದಿಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಹಕ್ಕಲನ್ನು ಆಯದೆ, ಬಡವರಿಗೂ ಪರದೇಶದವರಿಗೂ ಬಿಡಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ಆಜ್ಞಾಪಿಸುವುದರಿಂದ, ರೂತಳು ಬೋವಜನ ಹೊಲಕ್ಕೆ ಕಾಲಿಡುವುದು ಅವನ ಕೃಪೆಯಿಂದಲ್ಲ, ತನ್ನ ಹಕ್ಕಿನಿಂದ. ನ್ಯಾಯ ಅವಳನ್ನು ಹೊಲದೊಳಗೆ ಬಿಟ್ಟಿತು. ಅವಳು ಅಲ್ಲಿ ಅಂಜದೆ ದುಡಿಯುವಂತೆ ಮಾಡಿದ್ದು ದಯೆ. ನ್ಯಾಯವಿಲ್ಲದಲ್ಲಿ ದಯೆಯೊಂದೇ ಸಾಲದು. ಗದ್ವಾಲ್ ಸುತ್ತಿನ ಸಂಕರ ಹತ್ತಿಬೀಜದ ಹೊಲಗಳಲ್ಲಿ, ಇಳಿಹೊತ್ತಿನಲ್ಲಿ ಮೊಗ್ಗಿನ ಕೇಸರಗಳನ್ನು ಕೈಯಿಂದ ಬಿಡಿಸಿ ಮರುದಿನ ಬೆಳಿಗ್ಗೆ ಪರಾಗ ತಾಗಿಸುವ ನಾಜೂಕು ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹಚ್ಚುತ್ತಾ ಬಂದಿರುವುದು ಬಲ್ಲವರೆಲ್ಲ ಬಲ್ಲ ಸಂಗತಿ. ಅಂಥ ಮಗುವನ್ನು ಗದರದೆ ದುಡಿಸಿಕೊಂಡ ಮಾತ್ರಕ್ಕೆ ಯಾರೂ ಬೋವಜನಾಗಲಾರರು. ಮಗುವಿಗೆ ಸಲ್ಲಬೇಕಾದದ್ದು ಮೊದಲು ಶಾಲೆ.

ಹಾಗಾದರೆ ಈ ಕಥೆಯನ್ನು ಕಲಿಸುವುದು ಹೇಗೆ? ‘ನೀವೂ ಬೋವಜನಂತೆ ಆಗಿರಿ’ ಎಂದು ಮುಗಿಸಿದರೆ ಉಳ್ಳ ಮನೆಯ ಮಗು ಬೀಗುತ್ತದೆ, ಇಲ್ಲದ ಮನೆಯ ಮಗು ಕುಗ್ಗುತ್ತದೆ. ಅದರ ಬದಲು ರೂತಳ ಜಾಗದಲ್ಲಿ ನಿಂತು, ಆಳುಗಳ ಯಾವ ಮಾತು ನೋಯಿಸುತ್ತಿತ್ತು, ಯಾವ ಮೌನ ಹಿತವೆನಿಸುತ್ತಿತ್ತು ಎಂದು ಮಕ್ಕಳೇ ಹೇಳುವಂತಾಗಬೇಕು. ರೂತಳು ಬರೀ ಪಡೆದವಳಲ್ಲ, ಅತ್ತೆಗಾಗಿ ತವರನ್ನೇ ತೊರೆದ ಅವಳ ಮಮತೆಯ ಸುದ್ದಿ ಕೇಳಿಯೇ ಬೋವಜನ ಮನ ಕರಗಿತು, ತಾನು ಉಂಡು ಉಳಿಸಿದ ಕಾಳನ್ನೂ ಅವಳು ಅತ್ತೆಗೆ ಒಯ್ದಳು ಎಂಬುದನ್ನು ಬೋಧಕರು ಎತ್ತಿ ತೋರಿಸಬೇಕು. ಆಗ ಏನೂ ಇಲ್ಲದವರೂ ದಯೆಗೆ ಮೊದಲಿಗರಾಗಬಲ್ಲರೆಂದು ಮಗುವಿಗೆ ಹೊಳೆಯುತ್ತದೆ. ಕೊಟ್ಟದ್ದು ಎಷ್ಟು ಎಂಬುದಕ್ಕಿಂತ, ಪಡೆದವರು ಮರುದಿನ ತಲೆತಗ್ಗಿಸದೆ ಅದೇ ಹೊಲಕ್ಕೆ ಬರಬಲ್ಲರೇ ಎಂಬುದೇ ದಯೆಗೆ ತಕ್ಕ ಪರೀಕ್ಷೆ. ಜವೆಗೋದಿಯ ಸುಗ್ಗಿ ಮುಗಿದು ಗೋದಿಯ ಸುಗ್ಗಿಯೂ ತೀರುವವರೆಗೆ ರೂತಳು ಅಲ್ಲಿಗೇ ಬಂದಳೆಂದು ಪುಸ್ತಕ ಹೇಳುವುದರಿಂದ, ಬೋವಜನು ಆ ಪರೀಕ್ಷೆಯಲ್ಲಿ ಗೆದ್ದನೆನ್ನಬಹುದು.