ಹಳೆಯ ನಾಣ್ಯದ ಸಾಕ್ಷ್ಯ

ಹಳೆಯ ನಾಣ್ಯಗಳನ್ನು ಕೂಡಿಸುವ ಹವ್ಯಾಸವು ಮೇಲ್ನೋಟಕ್ಕೆ ನಿರಪಾಯವಾದ ವಿನೋದದಂತೆ ತೋರುವದು. ಆದರೆ ಅದರೊಳಗೆ ಒಂದು ನೀತಿಯ ಪ್ರಶ್ನೆಯು ಅಡಗಿದೆ. ಶತಮಾನಗಳ ಕಿಲುಬು ಹಿಡಿದ ನಾಣ್ಯವನ್ನು ತಿಕ್ಕಿ ಬೆಳಗಿದರೆ ತಪ್ಪೇನು? ಸವೆದ ಅಕ್ಷರವನ್ನು ಉಳಿಯಿಂದ ತಿದ್ದಿದರೆ ತಪ್ಪೇನು? ಇವೆರಡೂ ಒಂದೇ ಬಗೆಯ ತಪ್ಪುಗಳೋ, ಅಥವಾ ಒಂದು ಅಜ್ಞಾನವೂ ಇನ್ನೊಂದು ವಂಚನೆಯೂ ಆಗಿರುವವೋ? ಹೊಸದಾಗಿ ಈ ಹವ್ಯಾಸಕ್ಕೆ ತೊಡಗಿದವರು ನಾಣ್ಯದ ಬೆಲೆಯನ್ನು ವಿಚಾರಿಸುವ ಮೊದಲು ಇದನ್ನು ವಿಚಾರಿಸತಕ್ಕದ್ದು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವುಂಟು. ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಅವರದು ವಾನರಧ್ವಜವು; ಹನುಮಂತನ ಚಿತ್ರವುಳ್ಳ ಕೆಲವು ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಅವರವೆಂದೇ ಎಣಿಸುವರು. ಶಿಗ್ಗಾವಿ ತಾಲೂಕಿನ ಬಂಕಾಪುರವು ರಾಷ್ಟ್ರಕೂಟರ ಕಾಲದಿಂದ ಹೆಸರಾದದ್ದು. ಸವಣೂರು 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಹೈದರ, ಟಿಪ್ಪು, ಪೇಶವೆ ಈ ಮೂವರ ದಂಡುಗಳೂ ಆ ನೆಲವನ್ನು ತುಳಿದವು. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಶಿಲಾಶಾಸನಗಳಿವೆ. ಇಂಥ ನೆಲದಲ್ಲಿ ನೇಗಿಲ ಮೊನೆಗೆ ಹಳೆಯ ಕಾಲದ ಒಂದು ತುಣುಕು ತಗಲಿದರೆ ಆಶ್ಚರ್ಯವಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಯಮವು 1878ರ ಕಾನೂನಿನಿಂದ ನಡೆದುಬಂದದ್ದು. ಅದು ಕೇವಲ ಧನದ ಲೆಕ್ಕಕ್ಕಾಗಿ ಅಲ್ಲವೆಂದು ನಾವು ತಿಳಿಯಬೇಕು. ಸಿಕ್ಕ ಸ್ಥಳವು ಮರೆತುಹೋದರೆ ನಾಣ್ಯದ ಅರ್ಧ ಮಾತು ಅಲ್ಲಿಗೇ ನಿಂತುಹೋಗುವದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ದೇವರ ದೀಪವನ್ನೂ ತಾಮ್ರದ ತಂಬಿಗೆಯನ್ನೂ ಹುಣಸೆಹಣ್ಣು ಬೂದಿಗಳಿಂದ ಬೆಳಗುವದು ನಮ್ಮ ಮನೆಗಳಲ್ಲಿ ಶುಚಿತ್ವದ ಲಕ್ಷಣವಲ್ಲವೆ? ಅದೇ ಕೈ ನಾಣ್ಯವನ್ನು ಬೆಳಗಿದರೆ ದೋಷವು ಎಲ್ಲಿಂದ ಬಂತು? ಉತ್ತರವಿಷ್ಟೆ: ತಂಬಿಗೆಯ ಸಾರ್ಥಕ್ಯವು ಇಂದಿನ ಉಪಯೋಗದಲ್ಲಿದೆ, ಹಳೆಯ ನಾಣ್ಯದ ಉಪಯೋಗವು ಎಂದೋ ಮುಗಿದಿದೆ. ಈಗ ಅದಕ್ಕೆ ಉಳಿದಿರುವದು ಸಾಕ್ಷಿತನವೊಂದೇ. ತಾಮ್ರದ ಮೇಲಿನ ಹಸಿರು ಇಲ್ಲವೆ ಕಂದು ಪದರವು ಹೊರಗಿನಿಂದ ಮೆತ್ತಿದ ಕೊಳೆಯಲ್ಲ. ನಾಣ್ಯದ ಲೋಹವೇ ಕಾಲಕ್ರಮದಿಂದ ಮಾರ್ಪಟ್ಟು ಆದದ್ದು. ಹುಳಿಯಿಂದ ಅದನ್ನು ತೆಗೆದರೆ ಅಕ್ಷರಗಳ ಮೈಯೂ ಅದರೊಡನೆ ಹೋಗುವದು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಶಾಸನದಲ್ಲಿ ಸವೆದ ಅಕ್ಷರವೊಂದನ್ನು ಯಾರಾದರೂ ಚೆಂದ ಕಾಣಲೆಂದು ಹೊಸದಾಗಿ ಕೊರೆದರೆ ನಾವು ಸಹಿಸುವೆವೆ? ನಾಣ್ಯವೂ ಅಂಗೈಯಲ್ಲಿ ಹಿಡಿಸುವ ಶಾಸನವೇ. ಹಿಟ್ಟಿನಂತೆ ಉದುರುವ ತಿಳಿಹಸಿರಾದ ರೋಗವು ತಾಮ್ರವನ್ನು ತಿನ್ನುತ್ತಿದ್ದರೆ ಚಿಕಿತ್ಸೆಯು ಅವಶ್ಯವು. ಆದರೆ ಅದು ಬಲ್ಲವರ ಕೆಲಸವು.

ಕಾಲವು ನಿಷ್ಪಕ್ಷಪಾತಿಯು, ಪರೀಕ್ಷೆಯ ಮೂಲತತ್ತ್ವವು ಇದೇ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಉಬ್ಬಿದ ಭಾಗಗಳು ಮೊದಲು ಸವೆಯುವವು, ತಗ್ಗಿನ ಭಾಗಗಳು ಕಡೆಯವರೆಗೆ ಉಳಿಯುವವು. ಬಯಲೆಲ್ಲ ಸವೆದು ಅಕ್ಷರಗಳು ಮಾತ್ರ ಹರಿತವಾಗಿದ್ದರೆ ಅಲ್ಲಿ ಉಳಿಯ ಕೈವಾಡವನ್ನು ಶಂಕಿಸಬೇಕು. ಬೆಳ್ಳಿಯ ಮೇಲೆ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ತಿಕ್ಕಿದ್ದರ ಗುರುತುಗಳು. ತಾಮ್ರವು ಎಳೆಗೆಂಪಾಗಿ ಹೊಳೆಯುತ್ತಿದ್ದು ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೆ ಅದು ಹುಳಿಯ ಸ್ನಾನವನ್ನು ಸೂಚಿಸುವದು. ಬಳಿದ ಹಸಿರು ಎಲ್ಲೆಡೆ ಒಂದೇ ಬಣ್ಣವಾಗಿದ್ದು ಅನೇಕ ವೇಳೆ ಉಗುರಿಗೇ ಏಳುವದು. ಎರಕದ ನಕಲಿನ ಮೈಮೇಲೆ ಗುಳ್ಳೆಯ ಕುಳಿಗಳೂ ಅಂಚಿನ ಸುತ್ತ ಜೋಡಣೆಯ ಗೆರೆಯೂ ಕಾಣಬಹುದು. ಕೈಯಿಂದ ಅಚ್ಚೊತ್ತಿದ ಎರಡು ನಾಣ್ಯಗಳು ಎಂದಿಗೂ ತದ್ರೂಪವಾಗಿರಲಾರವು. ಒಂದೇ ಗಾಯ, ಒಂದೇ ಸವೆತವುಳ್ಳ ಎರಡು ಕಂಡರೆ ಅವು ಒಂದೇ ಎರಕದ ಮಕ್ಕಳೆಂದು ಶಂಕಿಸಬೇಕು. ತೂಕವೂ ದೊಡ್ಡ ಸಾಕ್ಷಿಯು: ವಿಜಯನಗರದ ವರಹವು ಸುಮಾರು 3.4 ಗ್ರಾಂ ತೂಗುವದು; ಅಂಚನ್ನು ಅರದಿಂದ ತೀಡಿದ್ದರೆ ತಕ್ಕಡಿಯು ಹೇಳುವದು. ಒರೆಗಲ್ಲನ್ನು ಮಾತ್ರ ನಂಬಬಾರದು. ಅದು ಚಿನ್ನದ ಶುದ್ಧಿಯನ್ನು ಹೇಳೀತೇ ಹೊರತು ಅಚ್ಚೊತ್ತಿದವನ ಕಾಲವನ್ನು ಹೇಳಲಾರದು.

ಆದರೆ ಮಾರ್ಪಟ್ಟದ್ದೆಲ್ಲವೂ ಸುಳ್ಳಲ್ಲ. ನಮ್ಮ ಹೆಣ್ಣುಮಕ್ಕಳು ನಾಣ್ಯಗಳಿಗೆ ಕೊಂಡಿ ಬೆಸೆದು ಸರ ಮಾಡಿ ಧರಿಸಿದ್ದುಂಟು. ಸರಾಫರು ಪರೀಕ್ಷಿಸಿದ ರೂಪಾಯಿಗಳ ಮೇಲೆ ತಮ್ಮ ಗುರುತನ್ನು ಒತ್ತಿದ್ದುಂಟು. ಆ ತೂತು, ಆ ಬೆಸುಗೆ, ಆ ಮುದ್ರೆ ನಾಣ್ಯದ ಬಾಳುವೆಯ ಪುಟಗಳೇ. ಯಾವ ತಾಯಿಯ ಕೊರಳಿನ ನೆನಪೋ ಆಗಿರುವ ತೂತನ್ನು ಮುಚ್ಚಿ, ಮೇಲೆ ಕಿಲುಬು ಬಳಿದು, ಅಖಂಡ ನಾಣ್ಯವೆಂದು ಮಾರುವದು ಮಾತ್ರ ಅಸತ್ಯವು. ಆದ್ದರಿಂದ ಪಾಪವು ಬದಲಾವಣೆಯಲ್ಲಿಲ್ಲ, ಬದಲಾವಣೆಯನ್ನು ಮರೆಮಾಡುವದರಲ್ಲಿದೆ. ಅರಿಯದೆ ತಿಕ್ಕಿದವನು ನಾಣ್ಯಕ್ಕೆ ಹಾನಿ ಮಾಡಿದನು. ಅರಿತು ಮುಚ್ಚಿಟ್ಟವನು ಇನ್ನೊಬ್ಬ ಮನುಷ್ಯನ ನಂಬುಗೆಗೆ ಹಾನಿ ಮಾಡಿದನು. ಕೌಟಿಲ್ಯನ ಅರ್ಥಶಾಸ್ತ್ರವು ನಾಣ್ಯಪರೀಕ್ಷೆಗೆಂದೇ ರೂಪದರ್ಶಕನೆಂಬ ಅಧಿಕಾರಿಯನ್ನು ಹೇಳುವದು. ಇಂದಿನ ಸಂಗ್ರಾಹಕನಿಗೆ ಅಂಥ ಅಧಿಕಾರಿಯು ಅವನ ಕಣ್ಣೂ ಅವನ ಅಂತಃಕರಣವೂ ಆಗಿರಬೇಕು.

ಮಾರುವವನನ್ನು ಬಯ್ದು ಸುಮ್ಮನಾಗುವದು ಸುಲಭವು. ಹೊಳೆಯುವದಕ್ಕೇ ಹೆಚ್ಚು ಬೆಲೆ ಕೊಡುವವರು ಯಾರು? ಮಂಕಾದ, ಪ್ರಾಮಾಣಿಕವಾದ ನಾಣ್ಯವನ್ನು ಬದಿಗೆ ಸರಿಸಿ ಥಳಥಳಿಸುವದನ್ನು ಎತ್ತಿಕೊಳ್ಳುವವರು ಯಾರು? ಕೊಳ್ಳುವವನ ಆಸೆಯೇ ತಿದ್ದುವವನ ಕೈಗೆ ಉಳಿಯನ್ನು ಕೊಡುವದು. ಆದ್ದರಿಂದ ಭೂತಗನ್ನಡಿಯನ್ನು ಹಿಡಿಯುವ ಮುಂಚೆ ಹೊಸಬನು ತನ್ನ ಆಸೆಯನ್ನು ಪರೀಕ್ಷಿಸಿಕೊಳ್ಳಲಿ. ಕಡಿಮೆ ಕೊಳ್ಳಲಿ, ಬಲ್ಲವರಿಗೆ ತೋರಿಸಲಿ, ಕೈಗೆ ಬಂದದ್ದನ್ನು ಬಂದಂತೆಯೇ ಕಾಯಲಿ. ಅದಕ್ಕೆ ಏನಾದರೂ ಆಗಿದ್ದರೆ ಒಂದು ಚೀಟಿಯಲ್ಲಿ ಬರೆದು ನಾಣ್ಯದೊಡನೆ ಇಡಲಿ. ನಾಣ್ಯವು ಅವನ ತರುವಾಯವೂ ಬಾಳುವದು. ಮುಂದೆ ಅದನ್ನು ಹಿಡಿಯುವವರಿಗೆ ನಿಜವು ತಿಳಿಯಬೇಕು.